ಸುರಂಗದ ಅರಿವು: ಜ್ಞಾನವೆಂದರೇನು, ಅಂತರ್ಜಾಲದ ಬರಹ ಅದನ್ನು ಹಿಡಿದಿಡಬಲ್ಲುದೇ?

(ಪ್ರೌಢಶಾಲಾ ಹಂತ, ಎರಡು ಅವಧಿಗಳ ಪಾಠ)

ಉದ್ದೇಶ: ಅರಿವಿನ ಮೂಲಗಳನ್ನು ಗುರುತಿಸುವುದು, ಬರೆದಿಡಬಹುದಾದುದನ್ನೂ ಬರಹಕ್ಕೆ ಸಿಗದುದನ್ನೂ ಬೇರ್ಪಡಿಸುವುದು, ಊರಿನ ಹಿರಿಯರ ಮಾತನ್ನು ಪ್ರಮಾಣಬದ್ಧವಾಗಿ ದಾಖಲಿಸಲು ಕಲಿಯುವುದು.

1. ಪ್ರವೇಶ

ಕಾಸರಗೋಡಿನ ಎಣ್ಮಕಜೆ, ಬಾಯಾರು ಮೊದಲಾದ ಗ್ರಾಮಗಳ ಗುಡ್ಡಗಳಲ್ಲಿ ನೀರಿನ ಸುರಂಗಗಳಿವೆ. ಮುರಕಲ್ಲಿನ ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗಿಬರುವಷ್ಟು ಅಗಲಕ್ಕೆ ಇವನ್ನು ಅಗೆಯುತ್ತಾರೆ. ಒಳಗೆ ಜಿನುಗಿದ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಹೊರಗಿನ ಕೆರೆಯನ್ನೋ ತೊಟ್ಟಿಯನ್ನೋ ಸೇರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಅನೇಕ ಅಡಿಕೆ ತೋಟಗಳು ಈ ನೀರಿನಿಂದಲೇ ಬದುಕಿವೆ.

ಶಿಕ್ಷಕರು ಈ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದೇ ಪ್ರಶ್ನೆ ಕೇಳಲಿ: ಎಲ್ಲಿ ಅಗೆದರೆ ನೀರು ಸಿಕ್ಕೀತೆಂದು ಅಗೆಯುವವರಿಗೆ ತಿಳಿಯುವುದು ಹೇಗೆ? ಗುಡ್ಡದ ಮೇಲಿನ ಗಿಡಮರ, ಹುತ್ತ, ಮಣ್ಣಿನ ತೇವ ಇವೆಲ್ಲ ಅವರಿಗೆ ಸೂಚನೆಗಳು. ಒಳಗೆ ಹೋಗುವಾಗ ಉರಿಯುವ ದೀಪ ಒಯ್ಯುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದೆಂದು ಅರ್ಥ. ಇದು ಪರೀಕ್ಷೆಗೆ ಬರುವ ವಿಷಯವಲ್ಲ. ಹಾಗೆಂದು ಇದು ಜ್ಞಾನವಲ್ಲವೇ?

2. ಪ್ರಮಾಣದ ವಿಚಾರ

ಭಾರತೀಯ ನ್ಯಾಯಶಾಸ್ತ್ರವು ಅರಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಹುತ್ತವನ್ನು ಕಾಣುವುದು ಪ್ರತ್ಯಕ್ಷ. ಅದರಿಂದ ಕೆಳಗೆ ತೇವವಿದೆಯೆಂದು ತಿಳಿಯುವುದು ಅನುಮಾನ. ನೀರು ಸಿಕ್ಕ ಗುಡ್ಡದ ಹೋಲಿಕೆಯಿಂದ ಮತ್ತೊಂದನ್ನು ಊಹಿಸುವುದೂ ಅನುಮಾನವೇ. ಅನುಭವಿಯಾದ ಹಿರಿಯನು ಹೇಳಿದ ಮಾತು ಶಬ್ದ.

ಯಾರ ಮಾತು ಪ್ರಮಾಣ? ವಿಷಯವನ್ನು ಸ್ವತಃ ಕಂಡು ಅರಿತವನು, ಅರಿತದ್ದನ್ನು ಇದ್ದಂತೆ ತಿಳಿಸಬಯಸುವವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನನು ವಿವರಿಸುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಅವನು ಹೇಳಿದ್ದಾನೆ. ಎಂದರೆ ಮಾತಿನ ಬೆಲೆ ಹೇಳುವವನ ಕುಲದಿಂದಾಗಲಿ ಓದಿನಿಂದಾಗಲಿ ಬರುವುದಲ್ಲ.

ಗಡಿಯಾಚೆ ದಕ್ಷಿಣ ಕನ್ನಡದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಇದಕ್ಕೆ ಉತ್ತಮ ನಿದರ್ಶನ. ಕೂಲಿ ಕಾರ್ಮಿಕರಾಗಿದ್ದ ಅವರು ಒಬ್ಬರೇ ಗುಡ್ಡ ಅಗೆದರು. ಹಲವು ಸುರಂಗಗಳು ಬರಿದಾದ ಮೇಲೆ ನೀರು ಕಂಡರು; ಬೋಳು ಇಳಿಜಾರಿನಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಪ್ರಶಸ್ತಿ ಬರುವ ಮೊದಲೂ ಅವರ ಅರಿವು ಅರಿವೇ ಆಗಿತ್ತೆಂಬುದನ್ನು ಮಕ್ಕಳು ಗ್ರಹಿಸಬೇಕು.

3. ಅಂತರ್ಜಾಲದ ವಿಶ್ವಕೋಶ

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಆದರೆ ಬರೆದುದಕ್ಕೆ ಪ್ರಕಟಿತ ಆಧಾರ ಕೊಡಬೇಕು. ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಈ ನಿಯಮ ಸಕಾರಣವಾದುದೇ. ಬರೆದವರ ಮುಖ ಕಾಣದ ಕಡೆ, ಆಧಾರವಿಲ್ಲದಿದ್ದರೆ ಸುಳ್ಳಿಗೂ ನಿಜಕ್ಕೂ ವ್ಯತ್ಯಾಸ ಉಳಿಯದು.

ಆದರೆ ಅಚ್ಚಾಗದ ಅರಿವು ಇದರಿಂದ ಹೊರಗುಳಿಯುತ್ತದೆ. 2011ರಲ್ಲಿ ಅಚಲ್ ಪ್ರಭಾಲ ಅವರು ಭಾರತ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಬಲ್ಲವರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಣವನ್ನೇ ಆಧಾರವಾಗಿ ಕೊಡಬಹುದೇ ಎಂದು ಪ್ರಯೋಗ ನಡೆಸಿದರು. ಆಯ್ದ ಭಾಷೆಗಳಲ್ಲಿ ಮಲಯಾಳವೂ ಒಂದು. ಈ ಬಗ್ಗೆ ಭಿನ್ನಾಭಿಪ್ರಾಯಗಳು ಎದ್ದವು: ಹೇಳಿದವನನ್ನು ಪರೀಕ್ಷಿಸುವವರು ಯಾರು ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಸುರಂಗದ ಮಟ್ಟಿಗೆ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದವರು ಆ ಸೀಮೆಯವರೇ ಆದ ಪತ್ರಕರ್ತ ಶ್ರೀ ಪಡ್ರೆ. ಜಲಸಂರಕ್ಷಣೆಯ ಕುರಿತ ಅವರ ಬರಹಗಳಿಂದ ಸುರಂಗದ ವಿಷಯ ಅಚ್ಚಿಗೆ ಬಂದಿತು. ಅಚ್ಚಾದುದು ಆಧಾರವಾಗಬಲ್ಲುದು. ನಾಲಗೆಯಿಂದ ಅಚ್ಚಿಗೆ, ಅಚ್ಚಿನಿಂದ ಅಂತರ್ಜಾಲಕ್ಕೆ ದಾಟಿಸುವ ಒಬ್ಬರು ಇರಬೇಕು. ಗಡಿನಾಡಿನ ಶಾಲೆಯಲ್ಲಿ ಆ ಕೆಲಸ ಕನ್ನಡ ಶಿಕ್ಷಕರದು. ರಾಜ್ಯದ ಪಠ್ಯವಾಗಲಿ ಕರ್ನಾಟಕದ ಪಠ್ಯವಾಗಲಿ ನಮ್ಮ ಊರಿನ ಮಾತನ್ನು ಹೊತ್ತು ತಂದೀತೆಂದು ಕಾಯುವಂತಿಲ್ಲ.

ಒಂದು ಮಿತಿಯನ್ನು ಮರೆಯಬಾರದು. ಸುರಂಗದ ಹೆಸರು, ಅಳತೆ, ಚಿತ್ರ, ಅಗೆದವರ ದನಿ ಇವು ಅಂತರ್ಜಾಲದಲ್ಲಿ ಉಳಿಯುತ್ತವೆ. ಪಿಕ್ಕಾಸಿನ ಏಟಿಗೆ ಗೋಡೆ ಕೊಡುವ ಸದ್ದಿನಿಂದ ಅಪಾಯವನ್ನು ಅರಿಯುವ ಕಿವಿ ಅಲ್ಲಿ ಉಳಿಯದು. ಅದು ಬಲ್ಲವರ ಜೊತೆ ದುಡಿದೇ ಬರಬೇಕು. ಬರಹವು ಅರಿವಿನ ಗುರುತು, ಅರಿವಿಗೆ ಬದಲಿಯಲ್ಲ.

4. ತರಗತಿಯ ಚಟುವಟಿಕೆ

ಅ) ಪ್ರತಿ ವಿದ್ಯಾರ್ಥಿಯೂ ಮನೆಯ ಅಥವಾ ನೆರೆಯ ಹಿರಿಯರೊಬ್ಬರಿಂದ ಒಂದು ಕಸುಬಿನ ವಿವರ ಕೇಳಿ ಬರೆಯಲಿ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಜೋಳ ಕೂಡಿಡುವ ಹಗೇವು, ಆದವಾನಿಯಲ್ಲಿ ಕೂರಿಗೆಯ ಬಿತ್ತನೆ, ತಾಳವಾಡಿಯಲ್ಲಿ ರಾಗಿ ಕಣ, ಹೀಗೆ ಆಯಾ ಊರಿನದನ್ನು ಆರಿಸಿಕೊಳ್ಳಲಿ.

ಆ) ಹೇಳಿದವರ ಒಪ್ಪಿಗೆ ಪಡೆದು ಊರು, ದಿನಾಂಕ ನಮೂದಿಸಲಿ. ಅವರು ಬಳಸಿದ ಶಬ್ದವನ್ನು ತಿದ್ದದೆ ಬರೆದು, ಗ್ರಂಥಭಾಷೆಯ ಶಬ್ದವನ್ನು ಪಕ್ಕದಲ್ಲಿ ಬರೆಯಲಿ.

ಇ) ‘ಕಂಡದ್ದು’, ‘ಊಹಿಸಿದ್ದು’, ‘ಕೇಳಿದ್ದು’ ಎಂದು ಮೂರು ಕಲಮುಗಳಲ್ಲಿ ವಿಂಗಡಿಸಲಿ. ಇಬ್ಬರು ಹಿರಿಯರ ಮಾತು ಬೇರೆಯಾದರೆ ಎರಡನ್ನೂ ಉಳಿಸಿಕೊಳ್ಳಲಿ.

ಈ) ಎಲ್ಲವನ್ನೂ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಮಾಡಿಸಿ, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಬೇಕು.

ಎಚ್ಚರಿಕೆ: ಮಕ್ಕಳನ್ನು ಯಾವ ಕಾರಣಕ್ಕೂ ಸುರಂಗದೊಳಗೆ ಕರೆದೊಯ್ಯಬಾರದು.

5. ಮೌಲ್ಯಮಾಪನ

(1) ಹಿರಿಯರ ಮಾತು ಯಾವಾಗ ಪ್ರಮಾಣವಾಗುತ್ತದೆ, ಯಾವಾಗ ಆಗದು? (2) ಆಧಾರ ಕೇಳುವ ನಿಯಮದಿಂದ ಆಗುವ ಲಾಭವೇನು, ನಷ್ಟವೇನು? (3) ನೀವು ದಾಖಲಿಸಿದ ಕಸುಬಿನಲ್ಲಿ ಬರೆಯಲು ಆಗದೆ ಉಳಿದುದು ಯಾವುದು?

ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಶಿಕ್ಷಕರು ಜೋಪಾನವಾಗಿ ಇರಿಸಿಕೊಳ್ಳಲಿ. ಮುಂದಿನ ವರ್ಷದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.