ಕೆಗ್ ಸೋರಿ ಸೋಡಾ ನೆಲದ ಪಾಲಾದಾಗ

ಪ್ರಶ್ನೆ: ಮನೆಯ ನಿಶ್ಚಿತಾರ್ಥಕ್ಕೆಂದು 19 ಲೀಟರಿನ ಹಳೇ ಸ್ಟೀಲ್ ಕೆಗ್‌ನಲ್ಲಿ ಶುಂಠಿ-ನಿಂಬೆ ಸೋಡಾ ತುಂಬಿ, ಗ್ಯಾಸ್ ಕೊಟ್ಟು ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮುಕ್ಕಾಲು ಪಾಲು ನೆಲದ ಮೇಲೆ. ಮುಚ್ಚಳ ಸರಿಯಾಗಿ ಕೂರಲಿಲ್ಲವೇ?
– ಓದುಗರು, ರಾಜೀವನಗರ, ಮೈಸೂರು

ಉತ್ತರ: ಮುಚ್ಚಳವನ್ನು ಬೈಯಬೇಡಿ. ನೆಟ್ಟಗೆ ನಿಂತ ಕೆಗ್‌ನ ಮುಚ್ಚಳ ಸೋರಿದರೆ ಗ್ಯಾಸ್ ಹೋಗುತ್ತದೆ, ಸೋಡಾ ಸಪ್ಪೆಯಾಗುತ್ತದೆ, ನೆಲ ಮಾತ್ರ ಒಣಗಿಯೇ ಇರುತ್ತದೆ. ನಿಮ್ಮ ನೆಲ ಒದ್ದೆಯಾಗಿದೆ, ಅಂದರೆ ಕಳ್ಳ ಇರುವುದು ಪಾನೀಯ ಹೊರಬರುವ ದಾರಿಯಲ್ಲಿ. ಆ ಕೊಳವೆ ಕೆಗ್‌ನ ತಳ ಮುಟ್ಟಿರುತ್ತದೆ. ಸಿಲಿಂಡರ್ ತೆರೆದೇ ಇದ್ದರೆ ಗ್ಯಾಸ್ ರಾತ್ರಿಯಿಡೀ ಒತ್ತುತ್ತಲೇ ಇರುತ್ತದೆ.

ಆ ಕಡೆಯ ರಬ್ಬರ್ ರಿಂಗ್ ಬಿಚ್ಚಿ ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಸಣ್ಣ ಬಿರುಕು ಕಂಡರೆ ಎಸೆಯಿರಿ. ಹಳೇ ಕೆಗ್ ಕೊಂಡವರು ಎಲ್ಲ ರಿಂಗ್‌ಗಳನ್ನೂ ಒಟ್ಟಿಗೇ ಬದಲಿಸುವುದು ಒಳ್ಳೆಯದು. ಆಮೇಲೆ ಎರಡು ಲೋಟ ನೀರು ಹಾಕಿ, ಗ್ಯಾಸ್ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿ. ಗುಳ್ಳೆ ಎದ್ದ ಕಡೆ ಸೋರಿಕೆ. ನಲ್ಲಿಯನ್ನೂ ಮರೆಯಬೇಡಿ. ತುಂಬಿದ ಕೆಗ್‌ನಲ್ಲಿ ಗೇಜಿನ ಮುಳ್ಳು ಇಳಿದರೆ ಮಾತ್ರ ಗಾಬರಿ ಬೇಡ, ಗ್ಯಾಸ್ ಪಾನೀಯದಲ್ಲಿ ಕರಗುತ್ತಿರುತ್ತದೆ.

ಇದೇ ಕೆಗ್‌ನಲ್ಲಿ ಬಿಯರ್ ಮಾಡಬಹುದೇ ಎಂದು ಕೇಳುವವರೂ ಇದ್ದಾರೆ. ಪರವಾನಗಿ ಇಲ್ಲದೆ ಅದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.

ಕೊನೆಗೊಂದು ಎಚ್ಚರಿಕೆ: ಕೆಗ್‌ಗೆ ಕೊಡುವ ಗ್ಯಾಸ್, ಅಂದರೆ ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಸಿಲಿಂಡರ್ ಇಡಬೇಡಿ, ಮಲಗುವ ಮುನ್ನ ಅದರ ವಾಲ್ವ್ ತಿರುಗಿಸಿ ಮುಚ್ಚಿ.