‘ಗೇಟು ತೆಗಿ’ ಅಂದ್ರೆ ಏನು ತೆಗೀಬೇಕು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ, ಗೇಟು ಕೊಚ್ಚಿಹೋಯಿತು. ನಮ್ಮ ತಂಡದಲ್ಲಿ ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಗೆಳೆಯನೊಬ್ಬನಿದ್ದಾನೆ. ಅವರ ಮನೇಲಿ ಆ ವಾರವೆಲ್ಲ ಒಂದೇ ಮಾತು: ಡ್ಯಾಮು ಖಾಲಿಯಾದ್ರೆ ಭತ್ತದ ಗತಿ ಏನು? ಕೊನೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು.

ಮಿನಿ ಪ್ರಾಜೆಕ್ಟಿಗೆ ನಾವು ಅದನ್ನೇ ಆರಿಸಿಕೊಂಡೆವು. ಫ್ರೀಕ್ಯಾಡ್‌ನಲ್ಲಿ ಗೇಟು ಮತ್ತು ತಡೆಹಲಗೆಗಳ ಮಾದರಿ. ಬಿಡಿಸೋದು ನಾವಲ್ಲ, ಎಐ ಏಜೆಂಟು. ನಡುವೆ ಒಂದು ಎಂಸಿಪಿ ಸರ್ವರ್ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನು ಆಂಥ್ರೊಪಿಕ್ ಕಂಪನಿ 2024ರ ನವೆಂಬರಿನಲ್ಲಿ ಹೊರತಂದಿತು). ಪೈಥಾನ್‌ನಲ್ಲಿ ಆರು ಟೂಲ್ ಬರೆಯೋಕೆ ಎರಡು ದಿನ ಹಿಡಿಯಿತು. ಅವುಗಳ ವಿವರಣೆ ಹತ್ತು ನಿಮಿಷದಲ್ಲಿ ಗೀಚಿ ಮುಗಿಸಿದೆವು. ಎಡವಿದ್ದು ಅಲ್ಲೇ.

ಏಜೆಂಟಿಗೆ ನಮ್ಮ ಕೋಡು ಕಾಣೋದಿಲ್ಲ. ಟೂಲಿನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಪಟ್ಟಿ – ಇಷ್ಟೇ ಅದರ ಕೈಗೆ ಸಿಗೋದು. ನಾವು ಬರೆದಿದ್ದು: ‘ಬಾಕ್ಸ್ ರಚಿಸುತ್ತದೆ. ಉದ್ದ: ಸಂಖ್ಯೆ.’ 60 ಅಡಿ ಉದ್ದ, 4 ಅಡಿ ಎತ್ತರದ ಹಲಗೆ ಬೇಕು ಅಂದೆವು. ಏಜೆಂಟು 60 ಮತ್ತು 4 ಅಂತ ಕಳಿಸಿತು. ಫ್ರೀಕ್ಯಾಡ್ ಒಳಗೊಳಗೆ ಲೆಕ್ಕ ಹಾಕೋದು ಮಿಲಿಮೀಟರಿನಲ್ಲಿ. ತುಂಗಭದ್ರೆಯನ್ನು ತಡೆಯಬೇಕಾದ ಹಲಗೆ ಬೆಂಕಿಕಡ್ಡಿಗಿಂತ ತುಸು ಉದ್ದವಾಗಿ ಬಂತು! ಎರರ್ ಏನೂ ಇಲ್ಲ, ‘ಯಶಸ್ವಿ’ ಅಂತಲೇ ಉತ್ತರ. ಈಗ ಹೀಗೆ ಬರೆದಿದ್ದೇವೆ: ‘ಉದ್ದ ಮಿಲಿಮೀಟರಿನಲ್ಲಿ. ಅಡಿಯಲ್ಲಿ ಹೇಳಿದ್ದರೆ 304.8ರಿಂದ ಗುಣಿಸಿ ಕೊಡಿ. 60 ಅಡಿ ಎಂದರೆ 18288.’ ಆ ಒಂದು ಉದಾಹರಣೆ ನಮಗೆ ಒಂದು ಪ್ಯಾರಾ ವಿವರಣೆಗಿಂತ ಹೆಚ್ಚು ಕೆಲಸಕ್ಕೆ ಬಂತು.

ಎರಡನೆಯ ತಪ್ಪು ಕಣ್ಣಿಗೆ ಬೀಳೋಕೆ ಹೊತ್ತು ಹಿಡಿಯಿತು. ಐದು ಹಲಗೆ ಸರಿಯಾಗಿ ಒಂದರ ಮೇಲೊಂದು ಕೂತಿದ್ದವು, ಆದರೆ ಕೆಳಗೆ ಎರಡು ಅಡಿ ಸಂದು. ಕಾರಣ, ಬ್ಲೆಂಡರ್‌ನಲ್ಲಿ ಕ್ಯೂಬ್ ಹಾಕಿದರೆ ನಾವು ಕೊಟ್ಟ ಬಿಂದು ಅದರ ನಡುಮಧ್ಯ. ಫ್ರೀಕ್ಯಾಡ್‌ನ ಬಾಕ್ಸಿಗೆ ಅದು ಕೆಳಗಿನ ಮೂಲೆ. ವಿವರಣೆಯಲ್ಲಿ ನಾವು ಹೇಳಿರಲಿಲ್ಲ, ಏಜೆಂಟು ನಡುಮಧ್ಯ ಅಂದುಕೊಂಡು ಮೊದಲ ಹಲಗೆಯನ್ನು 609.6ರಲ್ಲಿ ಇಟ್ಟಿತು. ನಿಜದ ಡ್ಯಾಮಾಗಿದ್ದರೆ ಆ ಸಂದಿನಲ್ಲೇ ನೀರೆಲ್ಲ ಹೋಗ್ತಿತ್ತು. ಈಗ ಬಿಂದು ಯಾವ ಮೂಲೆಯದು ಅಂತ ಬರೆದಿದ್ದೇವೆ. ಜೊತೆಗೆ ಟೂಲು ಬರೀ ‘ಯಶಸ್ವಿ’ ಅನ್ನದೆ, ವಸ್ತು ಎಲ್ಲಿಂದ ಎಲ್ಲಿಯವರೆಗೆ ಇದೆ ಅನ್ನೋ ಅಳತೆಯನ್ನೂ ವಾಪಸ್ ಕೊಡುತ್ತದೆ. ತಪ್ಪಿದ್ದರೆ ಏಜೆಂಟೇ ನೋಡಿ ತಿದ್ದಿಕೊಳ್ಳಬಹುದು.

ಮೂರನೆಯದು ಅಪ್ಪಟ ಕನ್ನಡದ ಪೇಚು. ಕನ್ನಡ ಸಂಘದವರು ಅಂತ ವಿವರಣೆಗಳನ್ನೂ ಕನ್ನಡದಲ್ಲೇ ಬರೆದಿದ್ದೆವು. ದೇಶನೂರಿನ ಗೆಳೆಯ ‘ಗೇಟು ಎರಡು ಅಡಿ ತೆಗಿ’ ಅಂತ ಟೈಪ್ ಮಾಡಿದ. ಊರಲ್ಲಿ ಎಲ್ಲರೂ ಹೇಳೋದು ಹಾಗೇ. ಬಾಗಿಲು ತೆಗಿ, ತೂಬು ತೆಗಿ. ಆದರೆ ನಮ್ಮ ಅಳಿಸುವ ಟೂಲಿನ ವಿವರಣೆ ‘ವಸ್ತುವನ್ನು ತೆಗೆಯುತ್ತದೆ’ ಅಂತಿತ್ತು. ಏಜೆಂಟು ಗೇಟನ್ನೇ ತೆಗೆದುಬಿಟ್ಟಿತು. ‘19ನೇ ಗೇಟು ಇನ್ನೊಂದ್ಸಲ ಹೋತಲೇ!’ ಅಂದ ಅವನು. ನಗು ಬಂತು, ಆದರೆ ಸೇವ್ ಮಾಡದ ಮೂರು ಗಂಟೆ ಕೆಲಸವೂ ಜೊತೆಗೆ ಹೋಗಿತ್ತು.

ಹೊಸ ವಿವರಣೆ: ‘ಆಯ್ದ ವಸ್ತುವನ್ನು ಫೈಲಿನಿಂದ ಪೂರ್ತಿ ಅಳಿಸುತ್ತದೆ. ಗೇಟು ಎತ್ತಲು ಅಥವಾ ಇಳಿಸಲು ಇದನ್ನು ಬಳಸಬೇಡಿ, ಅದಕ್ಕೆ ಮೂವ್ ಗೇಟ್ ಟೂಲ್ ಇದೆ. ಬರೀ “ತೆಗಿ” ಎಂದಿದ್ದರೆ ಮೊದಲು ಕೇಳಿ.’ ಯಾವಾಗ ಬಳಸಬಾರದು ಅನ್ನೋದನ್ನ ಬರೆಯೋಕೆ ನಮಗೆ ಹೊಳೆದೇ ಇರಲಿಲ್ಲ.

ಹೆದರಿ ಒಬ್ಬಳು ಒಂದೊಂದು ಟೂಲಿಗೂ ಒಂದೊಂದು ಪುಟ ಬರೆದಳು. ಅದೂ ಬೇಡವೇ ಬೇಡ. ಆರು ಪುಟದ ನಡುವೆ ಮುಖ್ಯವಾದ ಯುನಿಟ್ಟೇ ಮುಳುಗಿಹೋಗುತ್ತೆ. ನಾವು ಕಂಡುಕೊಂಡ ಪರೀಕ್ಷೆ ಸುಲಭದ್ದು: ಕೋಡು ನೋಡದ ಹಾಸ್ಟೆಲ್ ರೂಮ್‌ಮೇಟ್‌ಗೆ ವಿವರಣೆ ಮಾತ್ರ ಕೊಟ್ಟು, ಯಾವ ಸಂಖ್ಯೆ ಕಳಿಸ್ತೀಯ ಅಂತ ಕೇಳಿ. ಅವನು ‘ಅಡಿನಾ, ಮಿಲಿಮೀಟರಾ?’ ಅಂದ ಕಡೆ ತಿದ್ದಿ.

ಮಾದರಿಯ ಚಿತ್ರವನ್ನು ಗೆಳೆಯ ಊರಿಗೆ ಕಳಿಸಿದ. ಅವರ ಕಾಕ ನೋಡಿ ಕೇಳಿದ್ದು ಒಂದೇ: ‘ಇದರಾಗ ಚೈನು ಎಲ್ಲೈತಪ್ಪ?’ ನಾವು ಬಿಡಿಸಿಯೇ ಇರಲಿಲ್ಲ. ಅದಕ್ಕೆ ಏಳನೇ ಟೂಲು ಶುರುವಾಗಿದೆ. ಈ ಸಲ ವಿವರಣೆ ಮೊದಲು ಬರೀತಿದ್ದೀವಿ.