ಪಿಕಪ್ಪಿಗೆ ಚೈನ್: ಉಳಿತಾಯ ಇರುವುದು ಬಿಚ್ಚುವುದರಲ್ಲಿ

ಮನಾಲಿ ಕಡೆಯವರು ಹಿಮಕ್ಕೆ ಕಟ್ಟುವ ಚೈನನ್ನು ಕಳಸ, ಮೂಡಿಗೆರೆ ಕಡೆಯ ನಾವು ಕೆಸರಿಗೆ ಕಟ್ಟುತ್ತೇವೆ. ಟಾರು ಮುಗಿದ ಮೇಲೆ ನಮ್ಮ ತೋಟಕ್ಕಿರುವುದು ಕೆಮ್ಮಣ್ಣಿನ ಏರು. ಬೇಸಿಗೆಯಲ್ಲಿ ಸಲೀಸಾಗಿ ಹತ್ತುವ ಪಿಕಪ್, ಪುನರ್ವಸು ಮಳೆ ಹಿಡಿದರೆ ಅಲ್ಲೇ ಅಡ್ಡಡ್ಡ ಜಾರುತ್ತದೆ. ಹಾಗೆಂದು ಕೆಲಸ ನಿಲ್ಲಿಸಲಾಗುವುದಿಲ್ಲ. ಕೊಳೆರೋಗ ತಟ್ಟುವ ಮೊದಲು ಅಡಿಕೆಗೆ ಬೋರ್ಡೋ ಹೊಡೆಯಬೇಕು. ಮೈಲುತುತ್ತ, ಸುಣ್ಣ, ಗೊಬ್ಬರದ ಮೂಟೆ ಎಲ್ಲವೂ ಮೇಲೆ ಹೋಗಲೇಬೇಕು.

‘ಫೋರ್ ವೀಲ್ ಡ್ರೈವ್ ಗಾಡಿ ತಗೊಂಡುಬಿಡಿ’ ಎನ್ನುವವರು ಬಹಳ. ಲೆಕ್ಕ ಹಾಕೋಣ. ಅದಕ್ಕೆ ಒಂದು ಲಕ್ಷ ಹೆಚ್ಚು ಸಾಲ ಮಾಡಬೇಕಾಯಿತು ಎಂದುಕೊಳ್ಳಿ. ಶೇ 10ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿಯೇ ಹತ್ತಿರ ಹತ್ತಿರ 10,000 ರೂಪಾಯಿ. ಜೋಡಿ ಚೈನಿಗೆ 8,000 ಕೊಟ್ಟು ನಾಲ್ಕು ಮಳೆಗಾಲ ಓಡಿಸಿದರೆ ವರ್ಷಕ್ಕೆ ಬೀಳುವುದು 2,000. ಅಷ್ಟಕ್ಕೂ ನಮ್ಮ ಕೆಸರಿನಲ್ಲಿ ಫೋರ್ ವೀಲ್ ಜೀಪುಗಳೂ ಚೈನ್ ಕಟ್ಟಿಕೊಂಡೇ ಏರುತ್ತವೆ. ವರ್ಷವಿಡೀ ಕಚ್ಚಾ ರಸ್ತೆಯಲ್ಲೇ ಲೋಡು ಹೊರುವವರ ಮಾತು ಬೇರೆ; ಮಳೆಗಾಲದ ಒಂದೆರಡು ಫರ್ಲಾಂಗಿಗಾದರೆ ಚೈನೇ ಸಾಕು.

ಇನ್ನು ಯಾವ ಚೈನ್? ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿಗಳು, ತೆಳು ಕೊಂಡಿಯ ಹಿಮದ ಚೈನುಗಳು ಕಲ್ಲು ಬೆರೆತ ಮಣ್ಣಿಗೆ ತಾಳುವುದಿಲ್ಲ. ನಮಗೆ ಒಗ್ಗುವುದು ಏಣಿಯ ಮಾದರಿ: ಚಕ್ರದ ಎರಡು ಬದಿಗೆ ಉದ್ದ ಸರಪಳಿ, ನಡುವೆ ಅಡ್ಡ ಸರಪಳಿಗಳು. ಅಡ್ಡ ಸರಪಳಿ ದಪ್ಪವಿರಬೇಕು, ಒಂದಕ್ಕೊಂದು ಅಂತರವೂ ಬೇಕು. ತೀರಾ ಒತ್ತಾದರೆ ಕೆಸರು ಕಚ್ಚಿಕೊಂಡು ಚಕ್ರ ಉಂಡೆಯಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಬಾಯಿಮಾತಿನ ಅಳತೆ ಬೇಡ. ಟೈರಿನ ಬದಿಯಲ್ಲಿ 7.00-15 ಎಂದೋ 215/75 ಆರ್15 ಎಂದೋ ಇರುವ ಅಂಕಿ ಬರೆದುಕೊಡಿ, ಸಾಧ್ಯವಾದರೆ ಗಾಡಿಯನ್ನೇ ಒಯ್ಯಿರಿ.

ಒಂದೇ ಚಕ್ರಕ್ಕೆ ಕಟ್ಟಿ ಅರ್ಧ ದುಡ್ಡು ಉಳಿಸುವ ಯೋಚನೆ ಬೇಡ. ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಹಿಡಿತ ತಪ್ಪಿದ ಚಕ್ರವೇ ಗಿರಗಿರ ತಿರುಗುತ್ತದೆ, ಚೈನ್ ಇರುವ ಚಕ್ರ ನಿಂತಲ್ಲೇ ನಿಲ್ಲುತ್ತದೆ. ಹಿಂದಿನ ಎರಡಕ್ಕೂ ಬೇಕು.

ನಾವು ಕಟ್ಟುವುದು ಟಾರು ಮುಗಿಯುವ ಕಡೆ, ಜಲ್ಲಿ ಬಿದ್ದ ಸಮತಟ್ಟಿನಲ್ಲಿ. ಹ್ಯಾಂಡ್‌ಬ್ರೇಕ್ ಎಳೆದು, ಮುಂಚಕ್ರಕ್ಕೆ ಕಲ್ಲು ಕೊಟ್ಟು, ಕೊಕ್ಕೆಯ ಮೊನೆ ಟೈರಿಗೆ ತಾಗದಂತೆ ಹೊರಮುಖವಾಗಿ ಚೈನನ್ನು ಟೈರಿನ ಮೇಲೆ ಹೊದಿಸುತ್ತೇವೆ. ಕೆಳಗಿನ ತುದಿಗಳು ಸಿಗುವಷ್ಟು ಗಾಡಿ ಸರಿಸಿ ಮತ್ತೆ ಕಲ್ಲು ಕೊಟ್ಟು, ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು. ಮೇಲಿಂದ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಎಳೆದು ಕಟ್ಟಿದರೆ ಸಡಿಲ ತಪ್ಪುತ್ತದೆ. ಒಳಗೆ ಕೈ ಹಾಕಿ ನೋಡಬೇಕು: ಸ್ಪ್ರಿಂಗ್ ಪ್ಲೇಟು, ಬ್ರೇಕ್ ಪೈಪು ಎರಡಕ್ಕೂ ಚೈನ್ ತಾಗಬಾರದು. ಸ್ವಲ್ಪ ದೂರ ಓಡಿಸಿದ ಮೇಲೆ ಇಳಿದು ಮತ್ತೊಮ್ಮೆ ಬಿಗಿ ಮಾಡಲೇಬೇಕು. ಎಷ್ಟೇ ಬಿಗಿದರೂ ಮೊದಲ ಸುತ್ತುಗಳಲ್ಲಿ ಅದು ಸಡಿಲವಾಗುತ್ತದೆ.

ನಷ್ಟ ಶುರುವಾಗುವುದು ಇಳಿದು ಬಂದ ಮೇಲೆ. ‘ಪೇಟೆಗೆ ಹೋಗಿ ಬಂದರೆ ಮತ್ತೆ ಹತ್ತಲೇಬೇಕಲ್ಲ’ ಎಂದು ಚೈನ್ ಸಮೇತ ಟಾರಿನಲ್ಲಿ ಓಡಿಸುವವರಿದ್ದಾರೆ. ಕೆಸರಿನಲ್ಲಿ ಮಣ್ಣು ಬಗ್ಗಿ ಕೊಡುತ್ತದೆ, ಟಾರು ಬಗ್ಗುವುದಿಲ್ಲ. ಕೊಂಡಿ ಸವೆಯುತ್ತದೆ, ಟೈರಿನ ಗೋಡೆ ಉಜ್ಜುತ್ತದೆ. ತುಂಡಾದ ಕೊಂಡಿ ಮಡ್‌ಗಾರ್ಡಿಗೆ ಹೊಡೆಯುತ್ತದೆ. ವಿಮೆ ಇದೆಯಲ್ಲ ಎನ್ನಬೇಡಿ. ಸವೆತಕ್ಕೆ ವಾಹನ ವಿಮೆ ಹಣ ಕೊಡುವುದಿಲ್ಲ. ಚೈನಿನಲ್ಲಿ ದುಡ್ಡು ಉಳಿಸಿದೆವೆಂದುಕೊಂಡವರು ಟೈರಿನಲ್ಲಿ ಕಳೆದುಕೊಳ್ಳುವುದು ಹೀಗೆ.

ಮಳೆಗಾಲ ಮುಗಿದ ಮೇಲೆ ತೊಳೆದು, ಒಣಗಿಸಿ, ಹಳೇ ಎಂಜಿನ್ ಆಯಿಲ್ ಸವರಿ ತೂಗುಹಾಕಿ. ಮಳೆ ಶುರುವಾಗುವ ಮೊದಲೇ ಏರಿನ ಪಕ್ಕದ ಚರಂಡಿ ಬಿಡಿಸಿ, ನೀರು ರಸ್ತೆಯಲ್ಲಿ ಹರಿಯದಂತೆ ತಿರುಗಿಸಿ. ಆಗ ಚೈನಿನ ಕೆಲಸವೇ ಅರ್ಧ ಕಮ್ಮಿ. ತೋಟದ ಯಜಮಾನರಿಗೆ ಇನ್ನೊಂದು ಮಾತು: ಟಾರು ಸಿಕ್ಕಿದ ಕಡೆ ಚೈನ್ ಬಿಚ್ಚಲು ಡ್ರೈವರಿಗೆ ಹೊತ್ತು ಕೊಡಿ. ಅವಸರ ಮಾಡಿಸಿದರೆ ಟೈರಿನ ಬಿಲ್ಲು ಬರುವುದು ನಿಮ್ಮ ಹೆಸರಿಗೇ.